ಕಾರಿಮಂಗಲದಲ್ಲಿ ನನ್ನ ಕೈ ಆಡಿದ ಸುಳ್ಳು

ನಮ್ಮೂರಿನಲ್ಲಿ ಪರದೇಶ ಎಂದರೆ ದುಬೈ. ನಾನು ಹೋಗಿ ಬಂದ ಪರದೇಶಕ್ಕೆ ಮದ್ದೂರಿನಿಂದ ಬೆಳಿಗ್ಗೆ ಹೊರಟರೆ ಹೊತ್ತು ಮುಳುಗುವುದರೊಳಗೆ ಮುಟ್ಟಬಹುದು. ಪಾಸ್‌ಪೋರ್ಟ್ ಕೇಳುವವರಿಲ್ಲ. ಆದರೆ ರೈಲು ಇಳಿದು ತಲೆ ಎತ್ತಿದಾಗ ಬೋರ್ಡಿನ ಒಂದಕ್ಷರವೂ ಓದಲು ಬರಲಿಲ್ಲ. ಬಾಯಿ ಬಿಟ್ಟರೆ ಏನಾಗುತ್ತದೋ ಎಂಬ ಹೆದರಿಕೆ ಬೇರೆ. ಪರದೇಶ ಎನ್ನಲು ನನಗೆ ಅಷ್ಟು ಸಾಕಾಯಿತು.

ನಾನು ಹಿಟ್ಟಿನ ಗಿರಣಿ ನಡೆಸುವವನು. ಓದಿದ್ದು ನಾಲ್ಕನೇ ಕ್ಲಾಸು. ಗಿರಣಿ ಓಡುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ರಾಗಿ ನುಣ್ಣಗಿರಬೇಕೋ ತರಿಯಾಗಿರಬೇಕೋ, ಎಲ್ಲವೂ ಕೈಸನ್ನೆಯಲ್ಲೇ. ಈ ಕೈಮಾತು ನನಗೆ ಗಿರಣಿ ಕಲಿಸಿದ್ದಲ್ಲ, ಚಿಕ್ಕತಾಯಿ ಎಂಬ ಹೆಸರಿನ ನನ್ನ ತಂಗಿ ಕಲಿಸಿದ್ದು. ಐದು ವರ್ಷದವಳಿದ್ದಾಗ ಜ್ವರ ಬಂದು ಅವಳ ಕಿವಿ ಹೋಯಿತು. ಬರುತ್ತಿದ್ದ ನಾಲ್ಕು ಮಾತೂ ನಿಧಾನಕ್ಕೆ ಉದುರಿಹೋದವು. ಆಮೇಲೆ ನಾವಿಬ್ಬರೂ ಸೇರಿ ಮಾತು ಕಟ್ಟಿಕೊಂಡೆವು. ಮೂಗುತಿಯ ಜಾಗಕ್ಕೆ ಬೆರಳಿಟ್ಟರೆ ಅಮ್ಮ. ಎದೆಯಿಂದ ಹೆಗಲಿಗೆ ಸೆರಗು ಎಳೆದಂತೆ ಮಾಡಿದರೆ ಸೀರೆ. ಪಂಡಿತರು ನಾಡಿ ಹಿಡಿದ ಹಾಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರೆ ಜ್ವರ. ನನ್ನ ಹುಬ್ಬಿನ ಮೇಲೊಂದು ಗಾಯದ ಗುರುತಿದೆ. ಅವಳು ತನ್ನ ಹುಬ್ಬು ಮುಟ್ಟಿಕೊಂಡರೆ ಅದು ನನ್ನ ಹೆಸರು.

ಅವಳನ್ನು ಧರ್ಮಪುರಿ ಜಿಲ್ಲೆಯ ಕಾರಿಮಂಗಲದ ಹತ್ತಿರದ ಹಳ್ಳಿಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು. ಆ ಹಳ್ಳಿಯಲ್ಲಿ ಕನ್ನಡ ಮಾತಾಡುವ ರೈತರ ಮನೆಗಳು ಬೇಕಾದಷ್ಟಿವೆ. ಒಂಬತ್ತು ವರ್ಷದಲ್ಲಿ ನಾನು ಒಂದು ಸಲವೂ ಹೋಗಲಿಲ್ಲ. ಎರಡು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡಾಗಲೂ, ಕಾವೇರಿ ಗಲಾಟೆ, ಆ ಕಡೆ ಹೋಗುವ ಹಾಗಿಲ್ಲ ಎಂದುಬಿಟ್ಟೆ. ಗಲಾಟೆ ಅಷ್ಟು ಹೊತ್ತಿಗೆ ತಣ್ಣಗಾಗಿತ್ತು.

ಹೀಗಿರುವಾಗ ಅವಳ ಮೈದುನ ಮುನಿರಾಜುವಿನಿಂದ ತಮಿಳಿನಲ್ಲಿ ಒಂದು ಕಾರ್ಡು ಬಂತು. ಸಕ್ಕರೆ ಕಾರ್ಖಾನೆಯ ತಮಿಳು ಮೇಸ್ತ್ರಿಯೊಬ್ಬರು ಓದಿ ಹೇಳಿದರು. ಅಂಗವಿಕಲರಿಗೆ ಪಂಚಾಯ್ತಿಯವರು ಗುರುತಿನ ಚೀಟಿ ಮಾಡಿಸುತ್ತಿದ್ದಾರೆ, ಅತ್ತಿಗೆಯ ಕೈಮಾತು ಪೂರ್ತಿ ಗೊತ್ತಿರುವವರು ಬೇಕು, ಬಾವ ಬರಲೇಬೇಕು ಎಂದಿತ್ತು.

ನನ್ನ ಹೆಂಡತಿ ಕೇಳಿ ನಕ್ಕಳು. “ಚೀಟಿ ಅಂತೆ ಚೀಟಿ! ಚೀಟಿ ಜೊತೆಗೆ ಅವಳ್ನೂ ನಿಮ್ಮ ಕೈಗಿಟ್ಟು ಕಳಿಸ್ತಾರೆ, ನೋಡ್ತಿರಿ.”

ಹೌದಲ್ಲ ಎನ್ನಿಸಿತು. ಅದೇ ಅನುಮಾನ ಕಟ್ಟಿಕೊಂಡು ಹೊರಟೆ.

ಮೊರಪ್ಪೂರು

ಬೆಂಗಳೂರಿನಿಂದ ಬಸ್ಸು ಹತ್ತಿದ್ದರೆ ಕಾರಿಮಂಗಲಕ್ಕೆ ನೇರ ದಾರಿ. ಬಸ್ಸಿಗಾದರೆ ಕಲ್ಲು ಬೀಳುತ್ತದೆ, ರೈಲಿಗೆ ಬೀಳುವುದಿಲ್ಲ ಎಂದು ನಾನೇ ಲೆಕ್ಕ ಹಾಕಿದೆ. ಜೋಲಾರಪೇಟೆಯಲ್ಲಿ ಗಾಡಿ ಬದಲಾಯಿಸಿ, ಸೇಲಂ ಕಡೆಯ ಪ್ಯಾಸೆಂಜರ್ ಹಿಡಿದು ಮೊರಪ್ಪೂರಿನಲ್ಲಿ ಇಳಿದೆ. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಕನ್ನಡದವನು ಎಂದು ತಿಳಿಯದಿದ್ದರೆ ಕ್ಷೇಮ ಎಂಬುದು ನನ್ನ ಎಣಿಕೆ.

ಸ್ಟೇಷನ್ನಿನ ಹೊರಗೆ ಒಂದು ಟೀ ಅಂಗಡಿ. ಅಂಗಡಿಯ ಹೆಂಗಸು ತಮಿಳಿನಲ್ಲಿ ಏನೋ ಕೇಳಿದಳು. ನಾನು ಬಾಯಿಗೆ ಬೆರಳಿಟ್ಟು, ಕೈ ಅಲ್ಲಾಡಿಸಿ, ಮೂಗನೆಂದು ತೋರಿಸಿಬಿಟ್ಟೆ. ಅವಳು ಮರುಮಾತಿಲ್ಲದೆ ಟೀ ಕೊಟ್ಟಳು. ಆಮೇಲೆ ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿಯ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಶುರುಮಾಡಿದಳು.

“ಪಾಪ, ಮೂಗ ಕಣಕ್ಕಾ. ಎಲ್ಲಿಂದ ಬಂದೈತೋ.”

“ಮೂಗನೋ ಕಳ್ಳನೋ. ಚೀಲ ಎಂಗೆ ಅಪ್ಕೊಂಡವ್ನೆ ನೋಡು.”

“ಮೂತಿ ನೋಡುದ್ರೆ ನಂಗೂ ಸಂದೇಹ. ಒಂದು ಕಣ್ಣಿಟ್ಟಿರಕ್ಕಾ, ಲೋಟ ಎತ್ಕಂಡು ಓಗ್ಬುಟ್ಟಾನು.”

ನಾನು ಲೋಟ ಹಿಡಿದು ಕಲ್ಲಿನ ಹಾಗೆ ಕುಳಿತೆ. ನಾನೂ ಕನ್ನಡದವನೇ ತಾಯಿ ಎನ್ನಲು ಈಗ ಬಾಯಿಲ್ಲ. ಅವರು ನನ್ನ ಎದುರಿಗೇ ನನ್ನ ಅಂಗಿಯ ಕೊಳೆ, ನನ್ನ ಹೆಂಡತಿ ನನ್ನನ್ನು ಬಿಟ್ಟಿರಬಹುದೇ ಇಲ್ಲವೇ, ಎಲ್ಲವನ್ನೂ ವಿಚಾರಿಸಿಕೊಂಡರು. ಮೈಯೆಲ್ಲ ಉರಿಯಿತು. ಅಷ್ಟಾದ ಮೇಲೆ ಅದೇ ಹೆಂಗಸು ನನ್ನ ಕೈಯ ವಿಳಾಸದ ಕಾರ್ಡು ನೋಡಿ, ಅಂಗಡಿ ಬಿಟ್ಟು ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಾಕಿದಳು. “ಊಮೈ, ಪಾತ್ತು ಎರಕ್ಕಿ ವಿಡುಂಗೊ” ಎಂದು ಕಂಡಕ್ಟರಿಗೆ ಹೇಳಿದಳು. ಮೂಗ, ನೋಡಿ ಇಳಿಸಿ ಎಂದಳೆಂಬುದು ನನಗೂ ತಿಳಿಯಿತು. ಕಂಡಕ್ಟರು ಒಬ್ಬನನ್ನು ಎಬ್ಬಿಸಿ ನನಗೆ ಸೀಟು ಕೊಡಿಸಿದ. ಪ್ರತಿ ಸ್ಟಾಪಿನಲ್ಲೂ ಇನ್ನೂ ಇದೆ ಎಂದು ಕೈ ತೋರಿಸಿದ.

ಕದ್ದ ಸೀಟಿನಲ್ಲಿ ಕುಳಿತು ಹೋಗುವಾಗ ಚಿಕ್ಕತಾಯಿಯ ನೆನಪಾಯಿತು. ಅವಳ ಎದುರಿಗೆ ನಾವೆಲ್ಲ ಎಷ್ಟು ಸಲ ಹೀಗೆ ಮಾತಾಡಿದ್ದೆವು.

ತಂಗಿಯ ಮನೆ

ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ಕಾರಿಮಂಗಲದಲ್ಲಿ ಇಳಿದಾಗ ಮುನಿರಾಜು ಕಾದಿದ್ದ. ನನ್ನ ದಾರಿಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಏನ್ ಬಾವ, ನೇರಾ ಬಸ್ ಇದ್ರೆ ರೈಲ್ನಾಗೆ ಊರೆಲ್ಲ ಸುತ್ತಿ ಬಂದ್ರಲ್ಲ!”

“ಬಸ್ಸಿಗೆ ಕಲ್ಲು ಹೊಡೀತಾರೇನೋ ಅಂತ...”

“ಕಲ್ಲೊಡೆಯೋಕೆ ಇಲ್ಲಿ ಆರಿಗೆ ಬಾವ ಪುರುಸೊತ್ತು? ಟೊಮೇಟೊ ಕೀಳೋಕೇ ಆಳಿಲ್ಲ.”

ಚಿಕ್ಕತಾಯಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ತಿರುಗಿ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಧಾನವಾಗಿ ತನ್ನ ಹುಬ್ಬು ಮುಟ್ಟಿಕೊಂಡಳು. ಹತ್ತಿರ ಬಂದು ನನ್ನ ತಲೆಗೂದಲನ್ನು ಬೆರಳಲ್ಲಿ ಉಜ್ಜಿ, ಬೆರಳನ್ನು ನೋಡಿದಳು. ಹಿಟ್ಟಲ್ಲ, ನರೆ. ನಕ್ಕಳು. ಒಂಬತ್ತು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಂದು ಸುಳ್ಳು ತಯಾರಿತ್ತು.

ಆ ಮನೆಯ ಮಕ್ಕಳು ತಮ್ಮತಮ್ಮೊಳಗೆ ತಮಿಳು, ದೊಡ್ಡವರ ಕಡೆ ತಿರುಗಿದರೆ ಕನ್ನಡ, ಚಿಕ್ಕತಾಯಿಯ ಕಡೆ ತಿರುಗಿದರೆ ಕೈ. ನಮ್ಮ ಮನೆಯಲ್ಲಿ ಅಮ್ಮ ಹೋದ ಮೇಲೆ ನನ್ನನ್ನು ಬಿಟ್ಟು ಯಾರೂ ಅವಳ ಜೊತೆ ಕೈಮಾತಾಡಿದವರಲ್ಲ. ಮುನಿರಾಜುವಿನ ಹೆಂಡತಿ ಮಂಗಮ್ಮ ಹೇಳಿದಳು: “ನಮ್ಗೆ ಅಸು, ಉಲ್ಲು, ಊಟ, ಸಂತೆ, ಇಷ್ಟೇ ಬರಾದು ಅಣ್ಣ. ಬರೋ ವರ್ಷ ಏನ್ಮಾಡಾನ ಅಂತ ಅಕ್ಕನ್ನ ಕೇಳ್ಬೇಕಂದ್ರೆ ಎಂಗೆ ಕೇಳಾದು? ಅದ್ಕೇ ನಿಮ್ಮನ್ನ ಕರ್ಸಿದ್ದು.”

ಹೊಸ ಚಾಪೆ ಹಾಸಿದರು. ಕೋಳಿ ಕೊಯ್ದಿದ್ದರು. ಮಂಗಮ್ಮ ಎರಡನೆಯ ಸಲ ಸಾರು ಬಡಿಸಲು ಬಂದಾಗ ನನ್ನ ಅನುಮಾನ ಬಲವಾಯಿತು. ಕಾರಣವಿಲ್ಲದೆ ಯಾರು ಇಷ್ಟು ಉಪಚಾರ ಮಾಡುತ್ತಾರೆ?

ಪಂಚಾಯ್ತಿ ಆಫೀಸು

ಮಾರನೆಯ ದಿನ ಬುಧವಾರ. ಕಾರಿಮಂಗಲದ ಪಂಚಾಯ್ತಿ ಆಫೀಸಿನ ಮೆಟ್ಟಿಲ ಪಕ್ಕದಲ್ಲಿ ಹೊಸದಾಗಿ ಸಿಮೆಂಟಿನ ಇಳಿಜಾರು ಕಟ್ಟಿದ್ದರು, ಕಾಲಿಲ್ಲದವರ ಗಾಡಿ ಹತ್ತಲಿ ಎಂದು. ಅದರ ಮೇಲೆ ಯಾರೋ ಹುಣಸೆಹಣ್ಣು ಒಣಗಲು ಹರವಿದ್ದರು. ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿಯವನೊಬ್ಬ ಕೆಳಗೆ ಬಂದು ನಿಂತ. ವಾಚ್‌ಮನ್ ಪೊರಕೆ ತರಲು ಓಡಿದ.

“ರೋಡು ಎನಕ್ಕಾ, ಪುಳಿಕ್ಕಾ?” ಎಂದು ಗಾಡಿಯವನು ಕೂಗಿದ. ರಸ್ತೆ ಮಾಡಿದ್ದು ನನಗೋ ಹುಣಸೆಗೋ ಎಂದನಂತೆ. ಎಲ್ಲರೂ ನಕ್ಕರು. ಸರ್ಕಾರದ ಕೆಲಸ ಎಂದರೆ ನಮ್ಮಲ್ಲೂ ಇಷ್ಟೇ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಬಾಗಿಲ ಪಕ್ಕದಲ್ಲಿ ದೊಡ್ಡ ಬೋರ್ಡು. ತಮಿಳು, ತೆಲುಗು, ಉರ್ದು, ಕೊನೆಗೆ ಕನ್ನಡ. ಊರು ಬಿಟ್ಟ ಮೇಲೆ ಮೊದಲ ಸಲ ಕನ್ನಡ ಅಕ್ಷರ ಕಂಡು ಜೋರಾಗಿಯೇ ಓದಿದೆ: ‘ಅಂಗವಿಕಲರಿಗೆ ಇಲ್ಲಿ ಸಹಾಯ ದೊರೆಯುತ್ತದೆ. ನಿಮ್ಮ ಭಾಷೆಯಲ್ಲಿಯೇ ಕೇಳಿ.’

ಸುತ್ತ ಕುಳಿತಿದ್ದ ಐದಾರು ಜನ ಎದ್ದು ಬಂದರು. ಅಷ್ಟೂ ಜನ ಕನ್ನಡದವರು. ಒಬ್ಬರಿಗೂ ಕನ್ನಡ ಓದಲು ಬರದು. ಇಲ್ಲಿ ಕನ್ನಡ ಬಾಯಲ್ಲಿದೆ, ಶಾಲೆಯಲ್ಲಿಲ್ಲ.

“ಓಹೋ, ಅಂಗಾ ಬರ್ದಿರಾದು!” ಎಂದ ಒಬ್ಬ ಮುದುಕ. “ನಾನು ಇಷ್ಟು ದಿವ್ಸ ಎಣ್ಣೆ ಕಂಪ್ನಿ ಬೋರ್ಡು ಅಂದ್ಕಂಡಿದ್ದೆ ಕಣಪ್ಪಾ.”

ಕನ್ನಡದವರಿಗೆ ಕನ್ನಡದಲ್ಲೇ ಬೋರ್ಡು, ಕನ್ನಡದಲ್ಲೇ ಅರ್ಜಿ. ಓದುವವರು ಮಾತ್ರ ಯಾರೂ ಇಲ್ಲ. ಅರ್ಜಿಯ ಕಟ್ಟು ದಾರ ಬಿಚ್ಚದೆ ಕಪಾಟಿನಲ್ಲಿತ್ತು. ಆಫೀಸರು ಅದನ್ನು ಸಂತೋಷದಿಂದ ತೆಗೆದು ನನ್ನ ಮುಂದಿಟ್ಟರು. ನಾನು ಒಂದೊಂದೇ ಸಾಲು ಓದಿದೆ, ಜನ ಉತ್ತರ ಹೇಳಿದರು, ನಾನೇ ತುಂಬಿದೆ. ನಾಲ್ಕನೇ ಕ್ಲಾಸಿನವನಿಗೆ ಅಂಥ ಮರ್ಯಾದೆ ಎಲ್ಲಿ ಸಿಗುತ್ತದೆ? ಎದೆ ಸ್ವಲ್ಪ ಉಬ್ಬಿತ್ತು.

ಆಮೇಲೆ ಚಿಕ್ಕತಾಯಿಯ ಸರದಿ. ಕೈಮಾತು ಬಲ್ಲ ಟೀಚರೊಬ್ಬರು ಸೇಲಂನಿಂದ ಬರಬೇಕಾಗಿತ್ತಂತೆ, ಬಂದಿರಲಿಲ್ಲ. ಆದ್ದರಿಂದ ಆಫೀಸರು ತಮಿಳಿನಲ್ಲಿ ಹೇಳುವುದು, ಮುನಿರಾಜು ಅದನ್ನು ನನಗೆ ಕನ್ನಡದಲ್ಲಿ ಹೇಳುವುದು, ನಾನು ಅವಳಿಗೆ ಕೈಯಲ್ಲಿ ಹೇಳುವುದು ಎಂದಾಯಿತು. ಹೆಸರು, ವಯಸ್ಸು, ಯಾವಾಗ ಕಿವಿ ಹೋಯಿತು, ಎಲ್ಲ ಸರಾಗವಾಗಿ ನಡೆಯಿತು. ಕೊನೆಗೆ ಆಫೀಸರು ಪೆನ್ನು ಕೆಳಗಿಟ್ಟು, ಚಿಕ್ಕತಾಯಿಯ ಮುಖವನ್ನೇ ನೋಡುತ್ತ ಬಹಳ ಹೊತ್ತು ಮಾತಾಡಿದರು.

ಮುನಿರಾಜು ಹೇಳಿದ: “ಸೇಲಂನಾಗೆ ಕಿವಿ ಕೇಳ್ದಿರೋ ಎಣ್ಮಕ್ಳಿಗೆ ಕ್ಲಾಸ್ ಐತಂತೆ ಬಾವ. ಆರು ತಿಂಗ್ಳು. ಕೈಮಾತು, ಓದು ಬರಹ, ಒಲಿಗೆ, ಎಲ್ಲ ಕಲಿಸ್ತಾರಂತೆ. ಆಸ್ಟೆಲ್ನಾಗೆ ಇರ್ಬೇಕು. ಇವ್ರಿಗೆ ಇಷ್ಟ ಐತಾ ಅಂತ ಇವ್ರನ್ನೇ ಕೇಳ್ಬೇಕಂತೆ. ನಮ್ಮನ್ನಲ್ಲ. ಪಟ್ಟಿ ಶುಕ್ರವಾರ ಸೇಲಂಗೆ ಓಗ್ತೈತಂತೆ.”

ಅರ್ಜಿಯ ಕೆಳಗೆ ಇನ್ನೊಂದು ಸಾಲಿತ್ತು: ತರಬೇತಿ ಮುಗಿದ ಮೇಲೆ ಕರೆದುಕೊಂಡು ಹೋಗುವ ಜವಾಬ್ದಾರರ ಹೆಸರು. ನಾನು ಅದನ್ನು ಓದುತ್ತಿದ್ದ ಹಾಗೆಯೇ ಮುನಿರಾಜು ಆಫೀಸರಿಗೆ ಹೇಳಿದ: “ಅಣ್ಣ ಇವ್ರೇ ಸಾರ್. ಇವ್ರ ಎಸ್ರೇ ಎಳುದಿಕ್ಕೊಂಗೊ.” ನನ್ನ ಹೆಸರೇ ಬರೆದುಕೊಳ್ಳಿ ಎಂದನೆಂದು ತಿಳಿಯಿತು.

ಕೋಳಿ ಸಾರು, ಹೊಸ ಚಾಪೆ, ನನ್ನ ಹೆಂಡತಿಯ ನಗು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಆರು ತಿಂಗಳು ಸೇಲಂನಲ್ಲಿಟ್ಟು, ಆಮೇಲೆ ಮದ್ದೂರಿಗೆ ಸಾಗಿಸುವ ಉಪಾಯ ಎಂದುಕೊಂಡೆ.

ಚಿಕ್ಕತಾಯಿಯ ಕಡೆ ತಿರುಗಿದೆ. ನನ್ನ ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಹುಬ್ಬು ಎತ್ತಿದೆ. ಜ್ವರ ಇದೆಯಾ?

ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಸನ್ನೆ. ಅವಳಿಗೆ ಆಶ್ಚರ್ಯವಾಯಿತು. ಕುತ್ತಿಗೆ ಮುಟ್ಟಿ ನೋಡಿಕೊಂಡು, ಇಲ್ಲವೆಂದು ತಲೆ ಅಲ್ಲಾಡಿಸಿದಳು.

“ಬೇಡವಂತೆ” ಎಂದೆ.

ಆಫೀಸರು ನನ್ನನ್ನೂ ಅವಳನ್ನೂ ನೋಡಿದರು. ತಮಿಳಿನಲ್ಲಿ ಏನೋ ಕೇಳಿದರು.

“ಇಷ್ಟ್ ಬೇಗ್ನಾ ಅಂತಾವ್ರೆ ಬಾವ.”

“ನಮ್ಮ ಕೈಮಾತು ಹಂಗೇ” ಎಂದೆ. “ಚಿಕ್ಕದು.”

ಅವರು ಅರ್ಜಿಯ ಮೇಲೆ ಎರಡು ಶಬ್ದ ಬರೆದರು.

ಇದು ಮೊದಲ ಸಲವಲ್ಲ. ಅದನ್ನು ಬರೆಯದಿದ್ದರೆ ಈ ಪ್ರವಾಸದ ಕಥೆ ಬರೆದು ಪ್ರಯೋಜನವಿಲ್ಲ. ಒಂಬತ್ತು ವರ್ಷದ ಹಿಂದೆ ಈ ಸಂಬಂಧ ಬಂದಾಗ ಗಂಡಿಗೆ ಅವಳ ಎರಡರಷ್ಟು ವಯಸ್ಸು. ಮೊದಲ ಹೆಂಡತಿ ಸತ್ತಿದ್ದಳು. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳಿದರು, ಇದ್ದದ್ದೂ ಹಾಗೆಯೇ. ಆದರೂ ಊರ ಹಿರಿಯರೊಬ್ಬರು, “ಹುಡುಗಿಯನ್ನೇ ಒಂದು ಮಾತು ಕೇಳಪ್ಪ” ಎಂದರು. ಎಲ್ಲರ ಎದುರಿಗೆ ನಾನು ಅವಳ ಮುಂದೆ ಕುಳಿತು, ಎದೆಯಿಂದ ಹೆಗಲಿಗೆ ಸೆರಗು ಎಳೆದು ತೋರಿಸಿದೆ. ಹೊಸ ಸೀರೆ ಬೇಕಾ? ಅವಳು ಕಣ್ಣರಳಿಸಿ ಹೂಂ ಎಂದು ತಲೆಯಾಡಿಸಿದಳು. “ಒಪ್ಪಿಗೆಯಂತೆ” ಎಂದೆ. ಜನ ಸಕ್ಕರೆ ಹಂಚಿದರು.

ಸೇಲಂ

ಚೀಟಿಗೆ ಕಿವಿ ಪರೀಕ್ಷೆಯ ಕಾಗದ ಬೇಕು. ಗುರುವಾರ ನಾನೂ ಚಿಕ್ಕತಾಯಿಯೂ ಸೇಲಂ ಬಸ್ಸು ಹತ್ತಿದೆವು. ತೊಪ್ಪೂರು ಘಾಟಿಯಲ್ಲಿ ಲಾರಿಗಳು ಆಮೆಯ ಹಾಗೆ ಇಳಿಯುತ್ತಿದ್ದವು. ಅವಳು ಕಿಟಕಿಯ ಸರಳು ಬಿಡಲಿಲ್ಲ. ಮಂಗ ಕಂಡರೆ ನನ್ನ ತೊಡೆಗೆ ಹೊಡೆದು ತೋರಿಸುತ್ತಿದ್ದಳು.

ದೊಡ್ಡಾಸ್ಪತ್ರೆಯ ಪರೀಕ್ಷೆಯ ಕೋಣೆಯಲ್ಲಿ ಅವಳ ಕಿವಿಗೆ ಎರಡು ಬಟ್ಟಲು ಹಾಕಿ, ಶಬ್ದ ಕೇಳಿದರೆ ಬೆರಳೆತ್ತಲು ಹೇಳಿದರು. ಪರೀಕ್ಷೆ ಮಾಡುವ ಹುಡುಗಿ ಗುಂಡಿ ಒತ್ತಿದಾಗಲೆಲ್ಲ ಚಿಕ್ಕತಾಯಿ ಬೆರಳೆತ್ತಿದಳು! ಆ ಹುಡುಗಿ ನನ್ನನ್ನು ದುರುಗುಟ್ಟಿ ನೋಡಿ, “ಇವಂಗಳುಕ್ಕು ಕೇಕ್ಕುದೇ!” ಎಂದಳು. ಕಿವಿ ಕೇಳುವವಳನ್ನು ಕಿವುಡಿಯೆಂದು ತಂದಿದ್ದೇನೆ ಎಂಬ ಅನುಮಾನ ಅವಳಿಗೆ. ನನಗೂ ಗಾಬರಿ. ಆಮೇಲೆ ತಿಳಿಯಿತು, ಗುಂಡಿ ಒತ್ತುವಾಗ ಆ ಹುಡುಗಿ ತನಗೇ ಗೊತ್ತಿಲ್ಲದೆ ಒಂದು ಚೂರು ಹುಬ್ಬೆತ್ತುತ್ತಿದ್ದಳು. ಚಿಕ್ಕತಾಯಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಬೆರಳು ಮತ್ತೆ ಏಳಲಿಲ್ಲ.

ಮುಖ ನೋಡಿ ಇಷ್ಟು ಓದುವವಳು ನನ್ನ ಮುಖದಲ್ಲಿ ನಿನ್ನೆ ಏನು ಓದಿದ್ದಾಳು?

ಕಾಗದಕ್ಕೆ ಡಾಕ್ಟರ ಸಹಿ ನಾಳೆ ಎಂದರು. ಏನು ಮಾಡುವುದೆಂದು ನಿಂತಿದ್ದಾಗ ಕನ್ನಡಕದ ಹೆಂಗಸೊಬ್ಬರು ನನ್ನ ಕೈಯ ಕಾರಿಮಂಗಲದ ಕಾಗದ ನೋಡಿ ಹತ್ತಿರ ಬಂದರು.

“ಕನ್ನಡದೋರಾ? ಬನ್ನಿ ಬನ್ನಿ. ನಾವೂ ಅಷ್ಟೇ, ತಾತನ ಕಾಲ್ದಾಗೇ ಈ ಕಡೆ ಬಂದ್ಬುಟ್ವಿ. ನಾನು ಸರೋಜಾ ಟೀಚರ್. ನಿನ್ನೆ ಕಾರಿಮಂಗ್ಲಕ್ಕೆ ಬರ್ಬೇಕಿದ್ದೋಳು ನಾನೇ. ತೊಪ್ಪೂರ್ ಅತ್ರ ಬಸ್ಸು ಕೆಟ್ಟೋಯ್ತು, ರೊಂಬ ಕಷ್ಟ ಆಗೋಯ್ತು.”

ಹೀಗೆ ಮೇಲೆ ಬಿದ್ದು ಮಾತಾಡಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಚೀಲವನ್ನು ಇನ್ನಷ್ಟು ಒತ್ತಿ ಹಿಡಿದೆ. ಅವರು ನನ್ನನ್ನು ಬಿಟ್ಟು ಚಿಕ್ಕತಾಯಿಯ ಕಡೆ ತಿರುಗಿ ಕೈ ಆಡಿಸಿದರು. ಅದು ನಮ್ಮ ಸನ್ನೆಯಲ್ಲ. ಆದರೂ ಚಿಕ್ಕತಾಯಿ ಅವರ ಬೆರಳುಗಳನ್ನೇ ನೋಡುತ್ತ, ನನ್ನ ಕೈ ಬಿಟ್ಟು ಅವರ ಹಿಂದೆ ನಡೆದಳು.

ಆಸ್ಪತ್ರೆಗೆ ಹತ್ತಿರವೇ ಒಂದು ಹಳೆಯ ಶಾಲೆಯ ಕಟ್ಟಡ. ಕೋಣೆಯೊಳಗೆ ಸುಮಾರು ಹದಿನೈದು ಹೆಂಗಸರು ಹೊಲಿಗೆ ಮೆಷಿನ್ನುಗಳ ನಡುವೆ ಕುಳಿತು ಕೈಯಲ್ಲಿ ಮಾತಾಡುತ್ತಿದ್ದರು. ಜಗಳವಾಡುತ್ತಿದ್ದರು, ಚಾಡಿ ಹೇಳುತ್ತಿದ್ದರು, ನಗುತ್ತಿದ್ದರು. ಓಡುವ ಗಿರಣಿಯಲ್ಲಿ ಮೂವತ್ತು ವರ್ಷ ನಿಂತರೂ ಅಷ್ಟು ಮಾತನ್ನು ನಾನು ಕೈಯಲ್ಲಿ ಕಂಡವನಲ್ಲ. ಚಿಕ್ಕತಾಯಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಮುಂದಿನ ಸಾಲಿನ ನರೆಗೂದಲಿನ ಹೆಂಗಸೊಬ್ಬಳು ಎದ್ದು ಬಂದು, ಇವಳ ಗಲ್ಲದ ಮಚ್ಚೆಯನ್ನು ತೋರಿಸಿ, ತನ್ನ ಗಲ್ಲಕ್ಕೆ ಬೆರಳಿಟ್ಟುಕೊಂಡಳು. ಉಳಿದವರೂ ತಮ್ಮ ತಮ್ಮ ಗಲ್ಲಕ್ಕೆ ಬೆರಳಿಟ್ಟರು. ಅವಳಿಗೆ ಅಲ್ಲಿ ಹೆಸರು ಸಿಕ್ಕಿತು.

ಇದೇನು ಎಂದು ನನ್ನನ್ನು ಕೇಳಿದಳು.

ಮಕ್ಕಳ ಶಾಲೆ ಎಂದು ಕೈಯಲ್ಲಿ ಹೇಳಿದೆ.

ಅವಳು ನರೆಗೂದಲಿನ ಹೆಂಗಸನ್ನು ತೋರಿಸಿದಳು.

ತಾರಮಂಗಲಂ

ಟೀಚರ ಮನೆ ತಾರಮಂಗಲದಲ್ಲಿ. “ಲಾಡ್ಜ್ ಗೀಡ್ಜ್ ಏನೂ ಬೇಡ, ನಮ್ಮನೇಗೇ ಬನ್ನಿ” ಎಂದು ಹೊರಡಿಸಿದರು. ಇದರಲ್ಲಿ ಇವರಿಗೇನು ಲಾಭ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ, ಹೊಳೆಯಲಿಲ್ಲ.

ಇನ್ನೂ ಬಿಸಿಲಿತ್ತು. ಅಲ್ಲಿನ ಕೈಲಾಸನಾಥನ ಹಳೆಯ ಗುಡಿಗೆ ಕರೆದುಕೊಂಡು ಹೋದರು. ಕಲ್ಲಿನ ಸರಪಳಿ, ಕಲ್ಲಿನ ಸಿಂಹ, ನೋಡಿದಷ್ಟೂ ಇದೆ. ನಮ್ಮ ಕಡೆ ಬೇಲೂರು ಹಳೇಬೀಡು ಎಂದು ಬೀಗುವವರು ಒಮ್ಮೆ ಇಲ್ಲಿಗೂ ಬರಬೇಕು. ಒಂದು ಕಂಬದಲ್ಲಿ ಬಿಲ್ಲು ಹಿಡಿದ ರಾಮ, ದೂರದ ಇನ್ನೊಂದು ಕಂಬದಲ್ಲಿ ವಾಲಿ. ರಾಮನ ಹತ್ತಿರ ನಿಂತರೆ ವಾಲಿ ಕಾಣುತ್ತಾನೆ. ವಾಲಿಯ ಹತ್ತಿರ ನಿಂತರೆ ರಾಮ ಕಾಣುವುದಿಲ್ಲ. ಟೀಚರು ಅದನ್ನು ಬಾಯಲ್ಲಿ ನನಗೂ ಕೈಯಲ್ಲಿ ಅವಳಿಗೂ ಹೇಳಿದರು.

ಚಿಕ್ಕತಾಯಿ ಎರಡು ಕಂಬಗಳ ನಡುವೆ ಹೋಗಿ ಬಂದು ಪರೀಕ್ಷಿಸಿದಳು. ಆಮೇಲೆ ನನ್ನ ತೋಳು ಹಿಡಿದು ರಾಮನ ಕಂಬದ ಬಳಿ ನಿಲ್ಲಿಸಿದಳು. ತಾನು ಹೋಗಿ ವಾಲಿಯ ಬಳಿ ನಿಂತಳು. ಅಲ್ಲಿಂದ ತನ್ನ ಎದೆಯನ್ನು ಬೆರಳಿನಿಂದ ಒಂದು ಸಲ ತಿವಿದುಕೊಂಡಳು. ಬಾಣ ಬಿದ್ದಿದೆ, ಬಿಟ್ಟದ್ದು ನೀನು.

ತಮಾಷೆಯೇ ಇರಬೇಕು ಎಂದು ನಗಲು ನೋಡಿದೆ. ಅವಳು ನಗಲಿಲ್ಲ. ನನ್ನ ಬಳಿ ಬಂದು, ಮೇಜಿನ ಹಿಂದೆ ಪೆನ್ನು ಹಿಡಿದು ಕುಳಿತ ಆಫೀಸರ ಹಾಗೆ ಅಭಿನಯಿಸಿದಳು. ಬಾಯಿಂದ ಹೊರಟ ಮಾತನ್ನು ದಾರ ಎಳೆದಂತೆ ಎರಡು ಕೈಯಲ್ಲೂ ಉದ್ದಕ್ಕೆ ಎಳೆದಳು. ಆಮೇಲೆ ಹುಬ್ಬು ಮುಟ್ಟಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಕಾಳಿನಷ್ಟು ಜಾಗ ತೋರಿಸಿದಳು.

ಅವರ ಮಾತು ಉದ್ದ. ನಿನ್ನ ಕೈ ಚಿಕ್ಕದು.

ನಾನು ಆ ಕಲ್ಲು ಮಂಟಪದಲ್ಲೇ ಕುಳಿತು ಟೀಚರಿಗೆ ಎಲ್ಲ ಹೇಳಿಬಿಟ್ಟೆ. ಜ್ವರ, ಬೇಡವಂತೆ, ಹೆಂಡತಿ ಅಂದದ್ದು, ನಾನು ಹೆದರಿದ್ದು. ಸಮಾಧಾನದ ಒಂದು ಮಾತು ಬಂದೀತೆಂದು ಕಾದೆ.

“ನನ್ನತ್ರ ಏಳಿ ಏನ್ ಪ್ರಯೋಜ್ನ?” ಎಂದರು. “ನಾಳೆ ಕಾಗ್ದ ಇಸ್ಕಂಡು ನಾನೂ ಬರ್ತೀನಿ. ಆಫೀಸರ್ ಮುಂದೆ ಏಳಿ.”

ಮತ್ತೆ ಕಾರಿಮಂಗಲ

ಶುಕ್ರವಾರ ಮಧ್ಯಾಹ್ನ. ಪಟ್ಟಿ ಮೇಜಿನ ಮೇಲಿತ್ತು. ಮುನಿರಾಜು, ಮಂಗಮ್ಮ ಇಬ್ಬರೂ ಬಂದಿದ್ದರು. ನಾನು ನಿಂತುಕೊಂಡೇ ಹೇಳಿದೆ: “ಬುಧವಾರ ನಾನು ತಂಗಿಯನ್ನು ಕೇಳಲಿಲ್ಲ. ಕೇಳಿದ ಹಾಗೆ ಮಾಡಿದೆ. ಅವಳಿಗೆ ಹೋಗಲು ಇಷ್ಟವಿದೆ.”

ಟೀಚರು ತಮಿಳಿನಲ್ಲಿ ಹೇಳಿದರು. ಆಫೀಸರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಊರು ಬಿಟ್ಟಾಗಿನಿಂದ ನಾನು ಕಂಡ ಕಂಡವರನ್ನೆಲ್ಲ ಹಾಗೆಯೇ ನೋಡುತ್ತ ಬಂದಿದ್ದೆ. ಅವರು ಕೇಳಿದ್ದನ್ನು ಟೀಚರು ಕನ್ನಡದಲ್ಲಿ ಹೇಳಿದರು: “ಇಷ್ಟ ಐತೆ ಅಂತ ಅವ್ರು ಏಳಿದ್ರಾ, ಇವತ್ತೂ ನೀವೇ ಏಳ್ತಿದ್ದೀರಾ ಅಂತ ಕೇಳ್ತಾವ್ರೆ.”

ಇವತ್ತೂ ನಾನು ಕೇಳಿರಲಿಲ್ಲ.

ಮುನಿರಾಜುವಿನ ಮುಖ ಕಪ್ಪಿಟ್ಟಿತ್ತು. “ನಿಮ್ಮೆಸ್ರು ಯಾಕ್ ಬರೀರಿ ಅಂದೆ ಗೊತ್ತಾ ಬಾವ? ಜಮೀನಿನ ಆಸೆಗೆ ಅತ್ತಿಗೇನ ಆಸ್ಟೆಲ್ಗೆ ತಳ್ಳುದ್ರು ಅಂತ ನಾಳೆ ನೀವೇ ಅನ್ಬಾರ್ದು ಅಂತ. ಆರ್ ತಿಂಗ್ಳಾದ್ಮೇಲೆ ಅವ್ರು ಬರಾದು ನಮ್ಮನೇಗೇ. ಮದ್ದೂರಿಗೆ ಆರ್ ಕಳಿಸ್ತಾರೆ?”

“ಅಕ್ಕ ಓಗ್ಬುಟ್ರೆ ನಂಗೇ ಕೈ ಮುರ್ದಂಗೆ” ಎಂದಳು ಮಂಗಮ್ಮ, ಗೋಡೆಯ ಕಡೆ ನೋಡುತ್ತ. “ಆದ್ರೂ ಅವ್ರ ಇಷ್ಟ ಅವ್ರು ಏಳ್ಬೇಕಲ್ಲ.”

ಆಫೀಸರು ಬಾಗಿಲು ತೋರಿಸಿದರು. ನಾನು, ಮುನಿರಾಜು, ಮಂಗಮ್ಮ, ಮೂವರೂ ಹೊರಗೆ. ಒಳಗೆ ಟೀಚರು, ಚಿಕ್ಕತಾಯಿ, ಮೇಜಿನ ಮೇಲೆ ಕೆಲವು ಚಿತ್ರಗಳು.

ನಾನು ಆ ಸಿಮೆಂಟಿನ ಇಳಿಜಾರಿನ ಮೇಲೆ ಕುಳಿತೆ. ಮುನಿರಾಜು ನನ್ನಿಂದ ದೂರ ಹೋಗಿ ನಿಂತ. ಆ ಕ್ಲಾಸು ಆರು ತಿಂಗಳು ನಡೆಯುತ್ತದೆಂದು ಯಾರಿಗೆ ಗೊತ್ತು? ಮೆಷಿನ್ನುಗಳಿಗೆ ತುಕ್ಕು ಹಿಡಿಯಬಹುದು, ಟೀಚರಿಗೆ ವರ್ಗವಾಗಬಹುದು. ಈ ಅನುಮಾನಗಳು ಈಗಲೂ ನನಗಿವೆ. ಆದರೆ ಅವು ನನ್ನವು. ಅವುಗಳನ್ನು ಅವಳ ಉತ್ತರ ಮಾಡಿ ಹೇಳುವ ಹಕ್ಕು ನನಗಿರಲಿಲ್ಲ.

“ಓರಂ, ಓರಂ!”

ಪಕ್ಕಕ್ಕೆ ಸರಿಯಪ್ಪ ಎಂಬ ಕೂಗು. ಅದೇ ಮೂರು ಚಕ್ರದ ಗಾಡಿಯವನು. ಇವತ್ತು ಹುಣಸೆ ಇರಲಿಲ್ಲ, ಅಡ್ಡ ಕುಳಿತವನು ನಾನು. ಎದ್ದು ಜಾಗ ಬಿಟ್ಟೆ. ಅವನು ಏದುಸಿರು ಬಿಡುತ್ತ ಮೇಲೆ ಹತ್ತಿದ.

ಬಹಳ ಹೊತ್ತಾದ ಮೇಲೆ ಚಿಕ್ಕತಾಯಿ ಹೊರಗೆ ಬಂದಳು. ಹೆಬ್ಬೆರಳಿಗೆ ನೀಲಿ ಮಸಿ ಹತ್ತಿತ್ತು. ಮುಖ ನೋಡಿ ಓದುವ ವಿದ್ಯೆ ನನಗಿಲ್ಲ. ಕೇಳಲೇಬೇಕಾಯಿತು.

ಸೇಲಂ ಎಂದೆ. ಕೈಯಲ್ಲಿ ಮಾತಾಡುವವರ ಕೋಣೆ ಎಂದೆ. ಆರು ಬೆರಳು ತೋರಿಸಿ ಆರು ಹುಣ್ಣಿಮೆ ಎಂದೆ. ಆಮೇಲೆ ಮಂಗಮ್ಮನ ಮನೆಗಾದರೂ ಸರಿ, ಹುಬ್ಬು ಮುಟ್ಟಿಕೊಂಡು, ನನ್ನ ಮನೆಗಾದರೂ ಸರಿ ಎಂದೆ. ಮನಸ್ಸಿಲ್ಲದಿದ್ದರೆ ಎಲ್ಲಿಗೂ ಬೇಡ ಎಂದೆ. ನನ್ನ ಕೈ ಇಷ್ಟು ಉದ್ದಕ್ಕೆ ಮಾತಾಡಿದ್ದು ಅದೇ ಮೊದಲು. ನಡುವೆ ಎರಡು ಸಲ ತಪ್ಪಿ, ಮತ್ತೆ ಮೊದಲಿನಿಂದ ಹೇಳಿದೆ. ಅವಳು ಅವಸರಪಡಿಸಲಿಲ್ಲ. ಕೊನೆಯವರೆಗೂ ನೋಡಿದಳು.

ನೋಡಿ ಮುಗಿದ ಮೇಲೆ ಕೈ ಎತ್ತಿ, ಎದೆಯಿಂದ ಹೆಗಲಿಗೆ ನಿಧಾನವಾಗಿ ಸೆರಗು ಎಳೆದಂತೆ ಮಾಡಿದಳು. ನನ್ನ ಕಣ್ಣನ್ನೇ ನೋಡುತ್ತ ತಲೆ ಅಲ್ಲಾಡಿಸಿದಳು. ಸೀರೆ ಬೇಡ.

ಆಮೇಲೆ ಮಸಿ ಹತ್ತಿದ ಹೆಬ್ಬೆರಳಿನ ಆ ಕೈಯಲ್ಲೇ ಸೇಲಂ ಬಸ್ಸು ನಿಲ್ಲುವ ಜಾಗ ತೋರಿಸಿದಳು.